ಐದು ಮನೆಯ ಅರಿವೆ

ನೇಕಾರರ ಮನೆಯಲ್ಲಿ ಹುಟ್ಟಿಯೂ ಐದು ವರ್ಷ ತುಂಬುವವರೆಗೆ, ಒಂದೇ ಒಂದು ದಿನ ಬಿಟ್ಟರೆ, ನಾನು ಮೈಮೇಲೆ ಹೊಸ ಬಟ್ಟೆ ಹಾಕಿದವಳಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ಬಾಗಿಲು ದಾಟಿದೊಡನೆ ಎದುರಾಗುತ್ತಿದ್ದುದು ಮನುಷ್ಯರಲ್ಲ, ಮಗ್ಗ. ಪಡಸಾಲೆಯ ಮುಕ್ಕಾಲು ಪಾಲನ್ನು ಅದೇ ನುಂಗಿ ಕೂತಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ನೇಯಲು ಕುಳಿತರೆ ಬಂದವರಿಗೆ ಕಾಣುತ್ತಿದ್ದುದು ಅವನ ಸೊಂಟದಿಂದ ಮೇಲಿನ ಭಾಗವಷ್ಟೇ. ಉಳಿದ ಜಾಗದಲ್ಲಿ ನಾವು ಉಣ್ಣಬೇಕು, ಮಲಗಬೇಕು, ನೆಂಟರನ್ನು ಕೂಡಿಸಬೇಕು, ಜಗಳವನ್ನೂ ಅಲ್ಲೇ ಆಡಬೇಕು. ಬೆಳಿಗ್ಗೆ ಒಳಗಿನಿಂದ ಅವ್ವ ರೊಟ್ಟಿ ಬಡಿಯುವ ಸದ್ದು, ಹೊರಗಿನಿಂದ ಲಾಳಿ ಅತ್ತಿತ್ತ ಓಡುವ ಸದ್ದು. ಎರಡರಲ್ಲಿ ಯಾವುದಾದರೂ ಒಂದು ನಿಂತರೆ ನನಗೆ ಎಚ್ಚರವಾಗುತ್ತಿತ್ತು. ವಾರ ವಾರ ಮಗ್ಗದಿಂದ ಹೊಸ ಸೀರೆ ಇಳಿಯುತ್ತಿದ್ದವು. ಅವನ್ನು ಮಡಚಿ ಅಪ್ಪ, ನೂಲು ಕೊಟ್ಟು ನೇಯಿಸುವ ಸಾವಕಾರರ ಮನೆಗೆ ಒಯ್ಯುತ್ತಿದ್ದ. ನಾನು ಅದೇ ಮಗ್ಗದ ಪಕ್ಕದಲ್ಲಿ ಯಾರ ಮಗನದೋ ಹಳೆಯ ಚಡ್ಡಿ, ಇನ್ಯಾರ ಮಗಳದೋ ಹರಿದ ಲಂಗ ಸೇರಿಸಿ ಹೊಲಿದ ಅಂಗಿ ತೊಟ್ಟು ಓಡಾಡುತ್ತಿದ್ದೆ. ಗೊತ್ತಿಲ್ಲದವರು ನನ್ನನ್ನು ನೋಡಿ ಅಪ್ಪನನ್ನು ಕೇಳಿಯೇ ಕೇಳುತ್ತಿದ್ದರು.

"ಏನ್ರೀ, ಮನಿ ತುಂಬ ಸೀರಿ ನೇಯ್ತೀರಿ, ಕೂಸಿಗೆ ಒಂದು ಗೇಣು ಹೊಸಾ ಅರಿವಿ ಇಲ್ಲೇನ್ರಿ?"

"ಅದು ಹರಕಿ ಕೂಸರಿ," ಎಂದು ಅಪ್ಪ ತಲೆ ಎತ್ತದೆ ಹೇಳಿ ಲಾಳಿ ಎಸೆಯುತ್ತಿದ್ದ. ನಮ್ಮ ಕಡೆಯವರಾದರೆ ಅಷ್ಟಕ್ಕೇ ತಿಳಿದುಕೊಂಡು ಸುಮ್ಮನಾಗುತ್ತಿದ್ದರು.

ನನಗಿಂತ ಮುಂಚೆ ಅವ್ವನಿಗೆ ಎರಡು ಮಕ್ಕಳಾಗಿದ್ದವು. ಮೊದಲನೆಯದು ಹೆಣ್ಣು, ತೊಟ್ಟಿಲಲ್ಲಿದ್ದಾಗಲೇ ಹೋಯಿತು. ಎರಡನೆಯವನು ಹೊಸ್ತಿಲು ದಾಟಿ ಓಣಿಯಲ್ಲಿ ಓಡಾಡುವಷ್ಟಾಗಿದ್ದ. ಅವ್ವ ಅವನಿಗೆಂದು ಕೈಯಾರೆ ಹೊಸ ಅಂಗಿ ಹೊಲಿದು ತೊಡಿಸಿದ ವಾರದಲ್ಲೇ ಮೈತುಂಬ ಗೊಬ್ಬರ ಎದ್ದವು. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಅವನೂ ಕೈಗೆ ಹತ್ತಲಿಲ್ಲ. ಹೀಗಾದ ಮನೆಯಲ್ಲಿ ಮುಂದಿನ ಕೂಸು ಹುಟ್ಟಿದರೆ ಅದನ್ನು ಚೆಂದದ ಹೆಸರಿನಿಂದ ಕರೆಯುವುದಿಲ್ಲ, ಹೊಸದನ್ನು ತೊಡಿಸುವುದಿಲ್ಲ. ಇದು ಯಾರಿಗೂ ಬೇಡದ ಕೂಸು ಎಂದು ಕಣ್ಣು ಹಾಕುವವರೆಲ್ಲ ನಂಬಬೇಕು. ಹಾಗಾಗಿ ನಾನು ತಿರಕವ್ವನಾದೆ. ತಿರಿದು ತಿನ್ನುವವಳು ಎಂದರ್ಥ. ಶಾಲೆಯಲ್ಲಿ ಬೇರೆ ಹೆಸರು ಬರೆಸಿದರೂ ಓಣಿಯಲ್ಲಿ ಇವತ್ತಿಗೂ ಅದೇ ಹೆಸರು. ಅಪ್ಪನ ತಾಯಿಯನ್ನು ನಾನು ಆಯಿ ಎಂದು ಕರೆಯುತ್ತಿದ್ದೆ. ನನಗೆ ಐದು ವರ್ಷ ತುಂಬುವವರೆಗೆ ಬೇಡಿ ತಂದ ಅರಿವೆಯನ್ನೇ ತೊಡಿಸುತ್ತೇವೆಂದು ಹರಕೆ ಹೊತ್ತವಳು ಆಕೆ. ಮಕ್ಕಳು ಬಾಳಿ ಬದುಕಿದ ಐದು ಮನೆಗಳಿಂದ, ಆ ಮಕ್ಕಳು ತೊಟ್ಟು ಬಿಟ್ಟ ಬಟ್ಟೆಯನ್ನೇ ತರಬೇಕು. ಅದೂ ಹೆತ್ತವಳೇ ಹೋಗಿ, ಸೆರಗೊಡ್ಡಿ ಬೇಡಬೇಕು.

ಆಯಿ ಮುಂಡರಗಿ ಕಡೆಯ ಗಟ್ಟಿ ಹೆಣ್ಣುಮಗಳು. ಅವಳ ಮಾತನ್ನು ಓಣಿಯಲ್ಲಿ ಯಾರೂ ಮೀರುತ್ತಿರಲಿಲ್ಲ. ಅವ್ವ ಲಕ್ಷ್ಮೇಶ್ವರದವಳು, ಮಾತು ಕಡಿಮೆ, ಹಟ ಜಾಸ್ತಿ. ಎರಡನೆಯ ಮಗು ಹೋದ ಮೇಲೆ ಅವ್ವ ಅಡಿಗೆಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ್ದಳಂತೆ. ನೀರಿಗೂ ಹೋಗುತ್ತಿರಲಿಲ್ಲ, ಯಾರ ಮನೆಯ ತೊಟ್ಟಿಲಿಗೂ ಹೋಗುತ್ತಿರಲಿಲ್ಲ. ಅಂಥವಳು ನಾನು ಹುಟ್ಟಿದ ಮೇಲೆ ತಿಂಗಳಿಗೊಮ್ಮೆಯಾದರೂ ಮನೆ ಮನೆಗೆ ಹೋಗಿ, ಬೇರೆಯವರ ಆಡುವ ಮಕ್ಕಳನ್ನು ಕಣ್ಣಾರೆ ನೋಡಿ, ಅವುಗಳ ಹಳೆಯ ಅಂಗಿಯನ್ನು ಸೆರಗಿನಲ್ಲಿ ಹಾಕಿಸಿಕೊಂಡು ಬರಬೇಕಾಯಿತು. ಮೊದಮೊದಲು ಅಳುತ್ತ ಹೋಗಿ ಅಳುತ್ತ ಬರುತ್ತಿದ್ದಳಂತೆ. ಆಮೇಲಾಮೇಲೆ ಹೋದ ಮನೆಯಲ್ಲಿ ಚಹಾ ಕುಡಿದು, ಎರಡು ಮಾತಾಡಿ ಬರತೊಡಗಿದಳು. ಅದು ಆಯಿಯ ಉಪಾಯವೋ ಅಥವಾ ಬರೀ ನಂಬಿಕೆಯೋ, ನನಗೆ ಇಂದಿಗೂ ಗೊತ್ತಿಲ್ಲ. ಆಯಿಯನ್ನು ಕೇಳಿದ್ದರೆ ಎರಡಕ್ಕೂ ಹೂಂ ಎನ್ನುತ್ತಿದ್ದಳು.

ಮಧ್ಯಾಹ್ನ ಅಪ್ಪನ ಲಾಳಿಯಲ್ಲಿಡುವ ಕಂಡಿಕೆಗೆ ನೂಲು ಸುತ್ತಿ ಮುಗಿಸಿದ ಮೇಲೆ ಅವ್ವ ಅಡಿಗೆಮನೆಯ ಬೆಳಕಿಂಡಿಯ ಕೆಳಗೆ ಚಾಪೆ ಹಾಕಿಕೊಂಡು ಹೊಲಿಯಲು ಕೂರುತ್ತಿದ್ದಳು. ಮೇಲಿನಿಂದ ಬೀಳುವ ಬಿಸಿಲಿನ ತುಂಡು ಸರಿದಂತೆ ಅವಳೂ ಚಾಪೆ ಸಮೇತ ಸರಿಯುತ್ತಿದ್ದಳು. ನಮ್ಮಲ್ಲಿ ಹೊಲಿಗೆಯ ಮಷೀನು ಇರಲಿಲ್ಲ. ಒಂದು ಸೂಜಿ, ಒಂದು ಕತ್ತರಿ, ಮಗ್ಗದಲ್ಲಿ ಉಳಿದ ತುಂಡು ನೂಲು, ಇಷ್ಟೇ. ಬೇಡಿ ತಂದ ಬಟ್ಟೆಯ ಜೀರ್ಣವಾದ ಭಾಗವನ್ನೆಲ್ಲ ತೆಗೆದು, ಗಟ್ಟಿ ಉಳಿದದ್ದನ್ನು ನೆಲದ ಮೇಲೆ ಹರವಿ, ಯಾವುದರ ಪಕ್ಕ ಯಾವುದು ಕೂಡುತ್ತದೆಂದು ಬಹಳ ಹೊತ್ತು ನೋಡುತ್ತಿದ್ದಳು. ಬೆನ್ನಿಗೆ ಮಾಸ್ತರರ ಮನೆಯ ಬಿಳಿ, ತೋಳಿಗೆ ಗಾಣದವರ ಮನೆಯ ಪಟ್ಟಾಪಟ್ಟಿ, ಎದೆಗೆ ನೆರೆಯ ಮಾಬೂಬಿ ಚಿಗವ್ವನ ಮನೆಯ ಹೂವಿನ ಚೀಟಿಬಟ್ಟೆ. ಅಂಗಿ, ಲಂಗ, ಚುರುಮುರಿ ಹಾಕಿಕೊಳ್ಳಲು ಕೊರಳಿಗೆ ತೂಗುವ ಪುಟ್ಟ ಚೀಲ, ಚಳಿಗಾಲಕ್ಕೆ ತಲೆಯಿಂದ ಬೆನ್ನ ತನಕ ಇಳಿಯುವ ಕುಂಚಿಗೆ. ಎಲ್ಲವೂ ಹಾಗೇ, ಐದು ಮನೆ ಸೇರಿ ಆದದ್ದು. ಒಮ್ಮೆ ಆಯಿಗೆ ಹೊಸ ಸಂಶಯ ಬಂತು. ಮಗ್ಗದ ನೂಲು ಹೊಸದಲ್ಲವೇ, ಅದರಿಂದ ಹೊಲಿದರೆ ಹರಕೆಗೆ ಭಂಗ ಬಂದಂತಾಗುವುದಿಲ್ಲವೇ?

"ಹಂಗಾರ ನೂಲೂ ಬೇಡ್ಕೊಂಡು ಬರಲೇನ್ರಿ ಅತ್ತೀ? ಸೂಜಿ ಒಂದು ಯಾಕ ಬಿಟ್ರಿ, ಅದನ್ನೂ ಬೇಡತೀನಿ," ಎಂದಳು ಅವ್ವ.

ಆಯಿ ಎಲೆ ಅಡಿಕೆ ಅಗಿಯುತ್ತ ಸಂಜೆಯ ತನಕ ಯೋಚಿಸಿ ತೀರ್ಪು ಕೊಟ್ಟಳು. "ನೇಯೂ ತನಕ ನೂಲು ಅರಿವಿ ಅಲ್ಲ. ನಡೀತೈತಿ." ಕುಣಿಯೊಳಗಿನಿಂದ ಅಪ್ಪ ನಕ್ಕಿದ್ದು ನನಗೆ ಕೇಳಿಸಿತು.

ಇಷ್ಟೆಲ್ಲ ಮನೆಗಳನ್ನು ಮೈಮೇಲೆ ಹೊತ್ತವಳಿಗೆ ಓಣಿಯಲ್ಲಿ ಮರ್ಯಾದೆ ಇತ್ತು, ತೊಂದರೆಯೂ ಇತ್ತು. ಆಟದಲ್ಲಿ ಜಗಳವಾದರೆ ಗಾಣದವರ ಹುಡುಗ ನನ್ನ ತೋಳನ್ನೇ ಹಿಡಿದುಕೊಂಡು, "ಇದು ನಮ್ದು, ಕೊಡಲೇ ವಾಪಸ್ಸು!" ಎಂದು ಎಳೆಯುತ್ತಿದ್ದ. ನಾನು ಅಳುತ್ತ ಹೋದರೆ ಅವನ ತಾಯಿ ಅವನಿಗೆ ಎರಡು ಬಿಗಿದು, ನನಗೆ ಬೆಲ್ಲ ಶೇಂಗಾ ಕೊಟ್ಟು ಕಳಿಸುತ್ತಿದ್ದಳು. ನಾನು ಬಿದ್ದು ಮೊಣಕಾಲು ಒಡೆದುಕೊಂಡರೆ ಐದು ಮನೆಯವರೂ ವಿಚಾರಿಸಬೇಕು. ಅವರ ಅರಿವೆ ನನ್ನ ಮೈಮೇಲಿರುವಾಗ ನನಗೇನಾದರೂ ಆದರೆ ಅದು ಅವರಿಗೂ ತಟ್ಟುತ್ತದೆಂಬ ಭಾವನೆ ಅವರಲ್ಲಿತ್ತು. ನನ್ನ ಮೈ ನನ್ನೊಬ್ಬಳದೇ ಎಂದು ನನಗೆ ಆಗ ಅನ್ನಿಸಲಿಲ್ಲ, ಈಗಲೂ ಪೂರ್ತಿ ಅನ್ನಿಸುವುದಿಲ್ಲ. ಮುಂದೆ ನಾನೂ ನನ್ನ ಮಕ್ಕಳಿಗೆ ಹೊಲಿದೆ, ಮಷೀನಿನಲ್ಲಿ, ಹೊಸ ಬಟ್ಟೆಯಲ್ಲೇ. ಈಗ ಮೊಮ್ಮಗಳಿಗೆ ಸೊಸೆ ಫೋನಿನ ಮೇಲೆ ಬೆರಳಾಡಿಸಿದರೆ ಮೂರನೆಯ ದಿನಕ್ಕೆ ಫ್ರಾಕು ಪೆಟ್ಟಿಗೆಯಲ್ಲಿ ಕೂತು ಗದಗಿಗೆ ಬರುತ್ತದೆ. ಚೆಂದವಾಗಿಯೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಯಾರು ಹೊಲಿದರು, ಹೊಲಿಯುವಾಗ ಅವರಿಗೆ ಏನು ಚಿಂತೆಯಿತ್ತು ಎಂದು ತಿಳಿಯುವ ದಾರಿಯಿಲ್ಲ. ನನ್ನ ಅವ್ವನ ಚಿಂತೆ ಮಾತ್ರ ನನಗೆ ಚೆನ್ನಾಗಿ ಗೊತ್ತು, ಅದು ಒಂದೇ ಒಂದು. ಈ ಕೂಸು ಉಳಿಯುತ್ತದೆಯೋ ಇಲ್ಲವೋ.

ಗೊತ್ತು ಎಂದೇನೋ ಬರೆದೆ. ಆಗ ಯಾರಿಗೂ ಗೊತ್ತಿರಲಿಲ್ಲ ಎನ್ನುವುದೇ ನಿಜ. ಏಕೆಂದರೆ ಮನೆಯಲ್ಲಿ ಹರಕೆಯನ್ನು ವಿರೋಧಿಸಿ ಜಗಳ ಮಾಡುತ್ತಿದ್ದವಳು ಅವ್ವನೇ. ಪ್ರತಿ ಹಬ್ಬಕ್ಕೂ ಅದೇ ಜಗಳ, ಅದೇ ಜಾಗದಲ್ಲಿ, ಒಲೆಯ ಮುಂದೆ. ಒಂದು ದೀಪಾವಳಿಯದು ನನಗೆ ಸ್ಪಷ್ಟವಾಗಿ ನೆನಪಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಆಯಿ ನನಗೆ ಝುಣಕದ ಜೊತೆ ರೊಟ್ಟಿ ಮುರಿದು ತಿನ್ನಿಸುತ್ತಿದ್ದಳು.

"ಅತ್ತೀ, ಓಣ್ಯಾಗಿನ ಹುಡುಗೂರೆಲ್ಲ ಹೊಸಾವು ಹಾಕ್ಕೋತಾವ. ನನ್ನ ಮಗಳೊಬ್ಬಾಕಿ ತ್ಯಾಪಿ ಅಂಗ್ಯಾಗ ನಿಂದ್ರಬೇಕೇನ್ರಿ?"

"ನಿಂದ್ರಲಿ. ನಿಂತರ ಸಾಕು."

"ಒಂದ ಒಂದು ಪೋಲಕ. ಯಾರು ನೋಡತಾರ?"

"ಹರಕಿ ಅಂದ್ರ ಸಂತ್ಯಾಗಿನ ಬದನಿಕಾಯಿ ಏನಬೇ ನೀಲವ್ವಾ, ಚೌಕಾಶಿ ಮಾಡಾಕ? ಐದು ವರ್ಷ ಅಂದ್ರ ಐದು ವರ್ಷ."

ಅವ್ವ ರೊಟ್ಟಿಯನ್ನು ಎಷ್ಟು ಜೋರಾಗಿ ಬಡಿದಳೆಂದರೆ ಅದು ನಡುವೆ ಹರಿಯಿತು. ಅಪ್ಪ ಮಗ್ಗದ ಹತ್ತಿರದಿಂದಲೇ, "ರೊಟ್ಟಿ ಆರಾಕತ್ತಾವು, ಮೊದಲ ಉಣ್ಣೂಣು," ಎಂದ. ಅವನ ರಾಜೀ ಪಂಚಾಯ್ತಿ ಯಾವಾಗಲೂ ಇಷ್ಟೇ. ಅತ್ತೆ ಸೊಸೆಯರ ನಡುವೆ ಇದಕ್ಕಿಂತ ಹೆಚ್ಚು ಮಾತಾಡಿ ಕೆಟ್ಟವರನ್ನು ಅವನು ಓಣಿಯಲ್ಲಿ ಸಾಕಷ್ಟು ನೋಡಿದ್ದ.

ಮಾಬೂಬಿ ಚಿಗವ್ವ ನಮ್ಮ ಹಿತ್ತಲ ಗೋಡೆಯ ಆಚೆಯವಳು. ಅವಳ ಗಂಡ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಮನೆ ತುಂಬ ಮಕ್ಕಳು, ಒಂದಕ್ಕೂ ನೆಗಡಿಗಿಂತ ದೊಡ್ಡ ಕಾಯಿಲೆ ಬಂದದ್ದಿಲ್ಲ. ಹೀಗಾಗಿ ಬೇಡುವುದಕ್ಕೆ ಅವಳದೇ ಮೊದಲ ಮನೆ. ಒಂದು ಬೇಸಿಗೆಯಲ್ಲಿ ರಂಜಾನ್ ಬಂತು. ಹೆಣ್ಣುಮಕ್ಕಳಿಗೆಲ್ಲ ಒಂದೇ ಥಾನಿನಿಂದ ಲಂಗ ಹೊಲಿಸಲೆಂದು ಚಿಗವ್ವ ಕೆಂಪು ಬಟ್ಟೆ ತಂದಿದ್ದಳು. ಅದನ್ನು ಕತ್ತರಿಸುವಾಗ ನಾನು ಅಲ್ಲೇ ಇದ್ದೆನಂತೆ. ಬಟ್ಟೆಯ ಚುಂಗು ಮುಷ್ಟಿಯಲ್ಲಿ ಹಿಡಿದುಕೊಂಡು, ಎಷ್ಟು ರಮಿಸಿದರೂ ಬಿಡಲಿಲ್ಲವಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಒಂದು ದಾರಿಯನ್ನು ಚಿಗವ್ವ ಹುಡುಕಿದಳು. ಉಳಿದ ತುಂಡನ್ನು ಒಂದು ಸಲ ನೀರಿಗೆ ಅದ್ದಿ ತೆಗೆದು, ಮಣ್ಣಿನ ಗೋಡೆಯ ಮೇಲೆ ಒಣಹಾಕಿ, ಒಂದಿಡೀ ದಿನ ತನ್ನ ಸಣ್ಣ ಮಗಳ ಸೊಂಟಕ್ಕೆ ಸುತ್ತಿ ಓಡಾಡಿಸಿದಳು. ಬಾಳುವ ಮಗು ತೊಟ್ಟು ಬಿಟ್ಟ ಬಟ್ಟೆ ಎನ್ನುವ ಮಾತಿಗೆ ಸುಳ್ಳಿರಬಾರದು ನೋಡಿ. ಆಮೇಲೆ ಮಡಚಿ ಗೋಡೆಯ ಮೇಲಿಂದ ಅವ್ವನ ಕೈಗಿಟ್ಟಳು.

"ತಗೋ ನೀಲಕ್ಕಾ. ನಮ್ಮ ಸಣ್ಣಾಕಿದು, ಹಳೇದು."

ನೇಕಾರರ ಮನೆಯ ಸೊಸೆಯ ಬೆರಳಿಗೆ ಹೊಸ ಬಟ್ಟೆ ಹಳೆಯ ಬಟ್ಟೆ ಗೊತ್ತಾಗದೆ ಇರುತ್ತದೆಯೇ? ಅವ್ವನಿಗೆ ಮುಟ್ಟಿದ ಕೂಡಲೇ ತಿಳಿಯಿತು. ಆದರೂ, "ಹಳೇದ ಆದ್ರೂ ಗಟ್ಟಿ ಐತಿ ಬಿಡು," ಎಂದು ಸೆರಗಿನಲ್ಲಿ ಹಾಕಿಕೊಂಡಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ. ಎರಡು ಮಧ್ಯಾಹ್ನ ಕೂತು ಅವ್ವ ಅದರಿಂದ ನನಗೊಂದು ಅಂಗಿ ಹೊಲಿದಳು. ಉಳಿದ ನಾಲ್ಕು ಮನೆಯ ತುಂಡುಗಳನ್ನು ಹೆಸರಿಗೆಂದು ಕೊರಳ ಸುತ್ತ ಕಾಣದ ಹಾಗೆ ಒಳಗೆ ಕೂಡಿಸಿದಳು. ಹೊರನೋಟಕ್ಕೆ ಅಂಗಿ ಪೂರಾ ಕೆಂಪು. ಅದನ್ನು ತೊಟ್ಟ ದಿನ ನಾನು ಮನೆಯಲ್ಲಿ ನಿಲ್ಲಲೇ ಇಲ್ಲ. ಚಿಗವ್ವನ ಮಕ್ಕಳ ಜೊತೆ ಸುಡು ಬಿಸಿಲಲ್ಲಿ ಓಣಿಯ ಈ ತುದಿಯಿಂದ ಆ ತುದಿಗೆ ಓಡಿದೆ. ಬೆವರಿ ನೀರಾದೆ.

ದೀಪ ಹಚ್ಚುವ ಹೊತ್ತಿಗೆ ಅವ್ವ ಮೈ ಒರೆಸಲೆಂದು ನನ್ನ ಅಂಗಿ ತೆಗೆದಳು. ಕೊರಳಿನಿಂದ ಹೊಟ್ಟೆಯವರೆಗೆ ಕೆಂಪು ಮಚ್ಚೆ. ಬಿಸಿಲಿಗೆ ಮೈ ಕಾದು ಬಿಸಿಯಾಗಿತ್ತು. ಅವ್ವನ ಆಗಿನ ಕೂಗು ಇಷ್ಟು ವರ್ಷದ ಮೇಲೂ ನನ್ನ ಕಿವಿಯಲ್ಲಿದೆ.

"ಅತ್ತೀ! ಗೊಬ್ಬರ ಎದ್ದಾವ್ರಿ! ಹೊಸಾದು ತೊಡಿಸಿದ್ನೆರಿ, ನನ್ನ ಕೈಯಾರೆ ತೊಡಿಸಿದ್ನಿ!"

ಲಾಳಿ ನಿಂತಿತು. ಅಪ್ಪ ಕುಣಿಯಿಂದ ಎದ್ದು ಬರುವಷ್ಟರಲ್ಲಿ ಅವ್ವ ಅಂಗಿಯನ್ನು ಹೊಲಿಗೆಗುಂಟ ಹರಿದು ಒಲೆಗೆ ಹಾಕಿಬಿಟ್ಟಿದ್ದಳು. ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ನನಗೆ ಏನೂ ಅರ್ಥವಾಗದೆ, ನನ್ನ ಕೆಂಪು ಅಂಗಿ ಸುಡುತ್ತಿದೆಯೆಂದು ನಾನು ಬೇರೆ ಅಳಲು ಹಿಡಿದೆ. ಆಯಿ ಮಾತ್ರ ಅವಸರ ಮಾಡಲಿಲ್ಲ. ದೀಪ ತರಿಸಿದಳು. ಸೆರಗಿನ ತುದಿಯನ್ನು ನೀರಿನಲ್ಲಿ ತೊಯ್ಸಿ ನನ್ನ ಎದೆಯನ್ನು ಒತ್ತಿ ಒರೆಸಿ, ಆ ಸೆರಗನ್ನು ಅವ್ವನ ಕಣ್ಣ ಮುಂದೆ ಹಿಡಿದಳು.

"ನೋಡಿಲ್ಲೆ. ಗೊಬ್ಬರ ಸೆರಗಿಗೆ ಹತ್ತತಾವೇನಬೇ? ಬಣ್ಣ ಇದು, ಬಣ್ಣ."

ಅವ್ವ ನಂಬಲಿಲ್ಲ. ನನ್ನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ ತಂಬಿಗೆಯಿಂದ ಕೊಡಗಟ್ಟಲೆ ನೀರು ಸುರಿದಳು. ಕೆಂಪು ನೀರು ಹರಿದು, ಆಮೇಲೆ ತೆಳ್ಳಗಾಗಿ, ಕೊನೆಗೆ ಬರೀ ನೀರಾಯಿತು. ನನ್ನ ಮೈ ನನ್ನ ಬಣ್ಣಕ್ಕೆ ಬಂದ ಮೇಲೂ ಅವಳು ಕೈ ನಿಲ್ಲಿಸಲಿಲ್ಲ, ಅಪ್ಪ ತಂಬಿಗೆ ಕಸಿದುಕೊಳ್ಳಬೇಕಾಯಿತು. ಅಷ್ಟರಲ್ಲಿ ಗದ್ದಲ ಕೇಳಿ ಮಾಬೂಬಿ ಚಿಗವ್ವ ಗೋಡೆ ಹಾರಿ ಬಂದಿದ್ದಳು. ಬಚ್ಚಲ ನೀರು ನೋಡಿದವಳೇ ಬಾಯಿಗೆ ಸೆರಗು ಇಟ್ಟುಕೊಂಡಳು.

"ನಂದ ತಪ್ಪು ದೊಡ್ಡವ್ವಾ. ಹಳೇದಂತ ಸುಳ್ಳು ಹೇಳಿ ಹೊಸಾದು ಕೊಟ್ನಿ. ಕೂಸು ಅರಿವಿ ಹಿಡಕೊಂಡು ಬಿಡಲೇ ಇಲ್ಲ…"

"ಹೊಸಾದು ಅಂತ ನನಗ ಮೊದಲನೇ ದಿನಾನ ಗೊತ್ತಿತ್ತು," ಎಂದಳು ಆಯಿ. "ಕಣ್ಣು ಮಂಜಾಗ್ಯಾವ, ಮೂಗು ಇನ್ನೂ ಗಟ್ಟಿ ಐತಿ. ಗಂಜಿ ವಾಸನಿ ಮನಿ ತುಂಬ ಹೊಡ್ಯಾಕತ್ತಿತ್ತು."

ಅವ್ವ ಒದ್ದೆ ಸೀರೆಯಲ್ಲೇ ತಲೆ ಎತ್ತಿ ನೋಡಿದಳು. "ಮತ್ತ ಯಾಕ ಸುಮ್ಮನಿದ್ರಿ ಅತ್ತೀ?"

"ನೀ ಹೊಲಿಯೋ ಮುಂದ ಹಾಡು ಗುನುಗಾಕತ್ತಿದ್ದಿ. ಭಾಳ ದಿನಾ ಆಗಿತ್ತು ಕೇಳಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ಅಂದು ಒಲೆಯ ಮುಂದೆ ಮೂವರು ಹೆಂಗಸರೂ ಕೂತು ಅತ್ತರು. ಯಾವುದಕ್ಕೆ ಯಾರು ಅಳುತ್ತಿದ್ದಾರೆಂದು ಹೇಳಲು ಬರುತ್ತಿರಲಿಲ್ಲ. ಅಪ್ಪ ನನ್ನನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮಗ್ಗದ ಕಟ್ಟೆಯ ಮೇಲೆ ಕೂತಿದ್ದ. ನನಗೆ ಆಗ ನಾಲ್ಕು ದಾಟಿತ್ತು. ಅವ್ವ ನನಗಾಗಿ ಎಷ್ಟು ಹೆದರುತ್ತಾಳೆ ಎಂದು ನಾನು ಅವತ್ತು ನೋಡಿದೆ. ಮಕ್ಕಳು ಇಂಥದ್ದನ್ನು ನೋಡಬಾರದು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾನು ಯಾರಿಗೋ ಇಷ್ಟು ಬೇಕಾದವಳು ಎನ್ನುವುದು ನನಗೆ ಬೇರೆ ಯಾವ ರೀತಿಯಿಂದಲೂ ಅಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ.

ಮರುದಿನದಿಂದ ಮನೆಯಲ್ಲಿ ಜಗಳದ ದಿಕ್ಕು ಬದಲಾಯಿತು. ಕೂಸು ಒಂದು ದಿನ ಪೂರಾ ಹೊಸ ಬಟ್ಟೆ ತೊಟ್ಟರೂ ಏನೂ ಆಗಲಿಲ್ಲವಲ್ಲ, ಇನ್ನು ಹರಕೆಯ ಹಟ ಸಾಕು ಎಂದು ಆಯಿ ಹೇಳಿದರೆ, ಅವ್ವ ಒಪ್ಪಲಿಲ್ಲ. ಮೊದಲಿಗಿಂತ ಹೆಚ್ಚು ನಿಷ್ಠೆಯಿಂದ ಬೇಡಿ ತಂದಳು. ತಂದದ್ದನ್ನು ಬೂದಿ ನೀರಿನಲ್ಲಿ ಬಣ್ಣ ಸಾಯುವವರೆಗೆ ಕುದಿಸಿದಳು. ಹೊಲಿಯುವಾಗ ಗುನುಗಲಿಲ್ಲ. ಇಷ್ಟು ವರ್ಷ ಹೊಸದು ಬೇಕೆಂದು ಜಗಳವಾಡಿದವಳ ಎದೆಯಲ್ಲಿ ಆಯಿಗಿಂತ ದೊಡ್ಡ ಭಯ ಇತ್ತು. ಜಗಳ ಅದನ್ನು ಮುಚ್ಚಿಡುವ ಹೊದಿಕೆಯಾಗಿತ್ತು ಅಷ್ಟೇ.

ಮುಂದಿನ ಪಂಚಮಿಗೆ ನನಗೆ ಐದು ತುಂಬುವುದಿತ್ತು. ಆ ಹಬ್ಬ ನಮ್ಮ ಕಡೆ ಹೆಣ್ಣುಮಕ್ಕಳದು. ಮನೆ ಮನೆಯಲ್ಲಿ ಎಳ್ಳು, ಶೇಂಗಾ, ಅರಳು ಬೀಸಿದ ಅಳ್ಳಿಟ್ಟಿನ ಉಂಡಿ ಕಟ್ಟುತ್ತಾರೆ, ಜೋಕಾಲಿ ಕಟ್ಟುತ್ತಾರೆ. ಅಪ್ಪ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದ. ಸೀರೆ ಮುಗಿದ ಮೇಲೆ ಮಗ್ಗದಲ್ಲಿ ಉಳಿದ ಉದ್ದೆಳೆಗಳಿಗೆ ಅಡ್ಡ ಹಾಕಲು ಸಾವಕಾರರನ್ನು ಕೇಳಿ ಒಂದಿಷ್ಟು ನೂಲು ತಂದು, ನನಗೆ ಒಂದು ಲಂಗಕ್ಕಾಗುವಷ್ಟು ಗಿಳಿ ಹಸಿರು ಬಟ್ಟೆ ನೇಯ್ದಿದ್ದ. ಅದನ್ನು ತಂದು ಅವ್ವನ ಚಾಪೆಯ ಮೇಲಿಟ್ಟು, "ನಂದು ಆತು," ಎಂದಷ್ಟೇ ಹೇಳಿ ಹೋದ.

ಅವ್ವ ದಿನಾ ಅದನ್ನು ಹರವುತ್ತಿದ್ದಳು, ಕತ್ತರಿ ತೆಗೆದುಕೊಳ್ಳುತ್ತಿದ್ದಳು, ಮತ್ತೆ ಮಡಚಿ ಇಡುತ್ತಿದ್ದಳು. ಉಂಡಿ ಕಟ್ಟುವ ದಿನ ಬಂದರೂ ಬಟ್ಟೆ ಹಾಗೇ ಇತ್ತು. ಆಯಿ ಬೆಲ್ಲದ ಕೈಯಲ್ಲೇ ಬಂದು ಅವ್ವನ ಮುಂದೆ ಕೂತಳು.

"ಹರಕಿ ತೀರಿತು ನೀಲವ್ವಾ. ದೇವರ ಮುಂದ ಕಾಯಿ ಒಡದು ಬಂದೀನಿ. ಇನ್ನೇನು ನೋಡ್ತಿ?"

"ಕೈ ಏಳವಲ್ಲವು ಅತ್ತೀ."

"ಹಂಗಾರ ತಾ ಇಲ್ಲೆ, ನಾ ಕತ್ತರಸ್ತೀನಿ." ಆಯಿ ಕತ್ತರಿ ಕೈಗೆತ್ತಿಕೊಂಡು, ಮಂಜುಗಣ್ಣಿನಿಂದ ಬಟ್ಟೆಯ ಅಂಚು ತಡಕಾಡಿ, ಸೀದಾ ನಡುಮಧ್ಯಕ್ಕೆ ಕತ್ತರಿಯ ಬಾಯಿ ಹಚ್ಚಿದಳು.

"ಅಯ್ಯ ಬಿಡ್ರಿ! ಅರಿವಿ ಹಾಳ ಮಾಡ್ತೀರಿ!" ಅವ್ವ ಕತ್ತರಿಯನ್ನು ಕಸಿದುಕೊಂಡಳು. ಕಸಿದುಕೊಂಡ ಮೇಲೆ ಅದು ಅವಳ ಕೈಯಲ್ಲಿತ್ತು, ಬಟ್ಟೆ ಮುಂದಿತ್ತು. ಆಯಿ ಎದ್ದು ಉಂಡಿಯ ಕಡೆ ಹೋದಳು. ಬೇಕೆಂದೇ ಮಾಡಿದಳೋ ಏನೋ. ಬೆಳಕಿಂಡಿಯ ಬಿಸಿಲು ಚಾಪೆ ದಾಟಿ ಗೋಡೆ ಹತ್ತುವಷ್ಟರಲ್ಲಿ ಕತ್ತರಿಯ ಸದ್ದು ಕೇಳಿಸಿತು.

ಪಂಚಮಿಯ ಬೆಳಿಗ್ಗೆ ತಲೆಗೆ ನೀರೆರೆದ ಮೇಲೆ ಅವ್ವ ಆ ಲಂಗವನ್ನು ನನಗೆ ತೊಡಿಸಿದಳು. ಅದು ನನ್ನ ಪಾದ ದಾಟಿ, ನೆಲದ ಮೇಲೆ ಸುತ್ತಲೂ ಹರಡಿ ಬಿತ್ತು. ಆಯಿ ಕೈಯಿಂದ ಮುಟ್ಟಿ ನೋಡಿ ಗಾಬರಿಯಾದಳು. ನಿಜಕ್ಕೂ ಆಗಬೇಕಾದದ್ದೇ. ಓಣಿಯ ಉಳಿದ ತಾಯಂದಿರು ಮಕ್ಕಳ ಬಟ್ಟೆಯ ಅಂಚಿನಲ್ಲಿ ಬೆಳೆಯುವ ಮೈಗೆಂದು ಮಡಿಕೆ ಬಿಡುತ್ತಿದ್ದರೆ, ಅವ್ವ ಒಂದು ದಿನವೂ ಬಿಟ್ಟವಳಲ್ಲ. ನೂಲು ಹಿಡಿದು ಅಳೆದು, ಅವತ್ತು ನಾನು ಎಷ್ಟಿದ್ದೆನೋ ಅಷ್ಟಕ್ಕೇ ಕತ್ತರಿಸುತ್ತಿದ್ದಳು.

"ಏನಬೇ ಇದು, ಅಳತಿ ತಪ್ಪಿತೇನು? ಇದರಾಗ ಇಬ್ಬರು ಹಿಡಸ್ತಾರ!"

ಅವ್ವ ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಲಂಗದ ಅಂಚನ್ನು ಒಂದರ ಮೇಲೊಂದು ಮೂರು ಮಡಿಕೆ ಮಡಚುತ್ತಿದ್ದಳು. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದಳು, ಅದನ್ನು ತೆಗೆದು ಹೇಳಿದಳು.

"ಅಳತಿ ತಪ್ಪಿಲ್ರಿ ಅತ್ತೀ. ಮುಂದಿನ ವರ್ಷ ಒಂದು ಮಡಿಕಿ ಬಿಚ್ಚತೀನಿ. ಅದರ ಮುಂದಿನ ವರ್ಷ ಇನ್ನೊಂದು."

ಆಯಿ ಮೆಲ್ಲಗೆ ನೆಲಕ್ಕೆ ಕೂತು, ಆಚೆ ಬದಿಯ ಅಂಚನ್ನು ಜಾರದಂತೆ ಹಿಡಿದುಕೊಂಡಳು. ನನ್ನ ವಿಷಯದಲ್ಲಿ ಅವ್ವ 'ಮುಂದಿನ ವರ್ಷ' ಎಂದದ್ದನ್ನು ಆ ಮನೆಯಲ್ಲಿ ಎಲ್ಲರೂ ಕೇಳಿದ್ದು ಅದೇ ಮೊದಲು.